ಬೀಳುನೆಲಕ್ಕೆ ಸ್ಟೈಲೋ: ಮೊದಲ ವರ್ಷಕ್ಕೇ ತೀರ್ಪು ಕೊಡಬೇಡಿ

ಹಿತ್ತಿಲಲ್ಲಿ ರಾಗಿಹುಲ್ಲಿನ ಮೆದೆ ಇನ್ನೂ ಅರ್ಧ ಉಳಿದಿರುತ್ತದೆ, ಆದರೂ ಶಿವರಾತ್ರಿ ಕಳೆಯುವಷ್ಟರಲ್ಲಿ ಹಸುವಿನ ಪಕ್ಕೆಲುಬು ಎಣಿಸಬಹುದು. ಇದು ಹುಲ್ಲಿನ ಕೊರತೆಯಲ್ಲ, ಹುಲ್ಲಿನೊಳಗಿನ ಸಾರದ ಕೊರತೆ. ರಾಗಿಹುಲ್ಲಿನಲ್ಲಿ ಪ್ರೋಟೀನು ಶೇಕಡಾ 3ರಿಂದ 4ರಷ್ಟು ಮಾತ್ರ. ಹಸುವಿನ ಮೊದಲ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳು ಸರಿಯಾಗಿ ಕೆಲಸ ಮಾಡಬೇಕಾದರೆ ಒಟ್ಟು ಮೇವಿನಲ್ಲಿ ಪ್ರೋಟೀನು ಸುಮಾರು ಶೇಕಡಾ 7 ಇರಬೇಕು. ಅದಕ್ಕಿಂತ ಕಡಿಮೆಯಾದರೆ ತಿಂದ ಹುಲ್ಲು ಹೊಟ್ಟೆಯಲ್ಲೇ ನಿಧಾನವಾಗಿ ಕೊಳೆಯುತ್ತ ಕೂರುತ್ತದೆ, ಜಾಗ ಖಾಲಿಯಾಗದೆ ಹಸು ಮತ್ತೆ ಬಾಯಿ ಹಾಕುವುದಿಲ್ಲ. ಮುನ್ನೂರು ಕಿಲೋ ತೂಕದ ಹಸು ದಿನಕ್ಕೆ 9 ಕಿಲೋ ಒಣಮೇವು ತಿನ್ನುತ್ತದೆ ಎಂದುಕೊಳ್ಳಿ. ಅದರಲ್ಲಿ 6 ಕಿಲೋ ರಾಗಿಹುಲ್ಲು, ಉಳಿದ 3 ಕಿಲೋ ಶೇಕಡಾ 13ರಷ್ಟು ಪ್ರೋಟೀನಿರುವ ದ್ವಿದಳ ಮೇವಾದರೆ ಒಟ್ಟು ಲೆಕ್ಕ ಏಳರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಅಂದರೆ ಮೂರನೇ ಒಂದು ಪಾಲು ದ್ವಿದಳ ಮೇವು ಸೇರಿದರೆ ಉಳಿದ ಎರಡು ಪಾಲು ಹುಲ್ಲಿಗೂ ಬೆಲೆ ಬರುತ್ತದೆ. ಹಾಲು ಹೆಚ್ಚು ಕೊಡುವ ಮಿಶ್ರತಳಿ ಹಸುವಿಗೆ ಇದರ ಮೇಲೆ ಹಿಂಡಿ ಬೂಸಾ ಬೇಕೇ ಬೇಕು. ಈ ಮೇವೊಂದಿದ್ದರೆ ಹಿಂಡಿ ನಿಲ್ಲಿಸಬಹುದು ಎನ್ನುವವರ ಮಾತು ನಂಬಬೇಡಿ.

ಹಾಗಾದರೆ ಆ ಮೂರನೇ ಒಂದು ಪಾಲನ್ನು ಎಲ್ಲಿ ಬೆಳೆಯುವುದು? ಕುದುರೆಮೆಂತೆ ಒಳ್ಳೆಯದು, ಆದರೆ ನೀರಾವರಿ ಕೇಳುತ್ತದೆ. ಹಸಿಯಾಗಿ ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಅಲಸಂದೆಯನ್ನು ಪ್ರತಿವರ್ಷ ಉತ್ತು ಬಿತ್ತಬೇಕು. ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷಾಂಶವಿರುವುದರಿಂದ ಅಳತೆ ತಪ್ಪುವಂತಿಲ್ಲ. ಬಾವಿಯಿಲ್ಲದ, ಕೂಲಿಯಾಳು ಸಿಗದ ಒಣಬೇಸಾಯದ ಮನೆಗೆ ಉಳಿಯುವುದು ಬದು, ಬೀಳು, ಕಲ್ಲುಮಿಶ್ರಿತ ಅಂಚಿನ ನೆಲ, ಇನ್ನೂ ನೆರಳು ಕವಿಯದ ಎಳೆಯ ಮಾವಿನ ತೋಪಿನ ಸಾಲುಗಳ ನಡುವಿನ ಜಾಗ. ಅಲ್ಲಿಗೆ ಹೇಳಿ ಮಾಡಿಸಿದ್ದು ಸ್ಟೈಲೋ ಎಂಬ ದ್ವಿದಳ ಮೇವು. ನಮ್ಮಲ್ಲಿ ಇದನ್ನು ಹಾಕಿ ಕೈಬಿಟ್ಟವರೇ ಹೆಚ್ಚು, ಮತ್ತು ಕೈಬಿಟ್ಟದ್ದಕ್ಕೆ ಬಹುತೇಕ ಕಾರಣ ಎರಡೇ: ಬೀಜವನ್ನು ಚೀಲದಿಂದ ತೆಗೆದು ಹಾಗೇ ಎರಚಿದ್ದು, ಇಲ್ಲವೇ ಮೊದಲ ವರ್ಷದ ಬೆಳವಣಿಗೆ ನೋಡಿಯೇ ಇದು ಬೇಡ ಎಂದು ತೀರ್ಮಾನಿಸಿದ್ದು. ಗಿಡದ ತಪ್ಪು ಇದರಲ್ಲಿ ಕಡಿಮೆ.

ಸ್ಟೈಲೋಗಳ ತವರು ಹೆಚ್ಚಾಗಿ ಮಧ್ಯ ಮತ್ತು ದಕ್ಷಿಣ ಅಮೆರಿಕ. ನಮ್ಮ ಮಳೆಯಾಶ್ರಿತ ಕೆಂಪುನೆಲಕ್ಕೆ ಒಗ್ಗುವವು ಮುಖ್ಯವಾಗಿ ಎರಡು. ಹಮಾಟ ಮೊಣಕಾಲೆತ್ತರಕ್ಕೆ ಹರಡಿ ಬೆಳೆಯುತ್ತದೆ, ಬೇಗ ಹೂ ಬಿಟ್ಟು ಬೀಜ ಉದುರಿಸುತ್ತದೆ. ಒಂದು ಗಿಡದ ಆಯುಸ್ಸು ಎರಡು ಮೂರು ವರ್ಷ, ಆದರೆ ಉದುರಿದ ಬೀಜದಿಂದ ಸಂತಾನ ಮುಂದುವರಿಯುತ್ತದೆ. ಸ್ಕೇಬ್ರಾ ಪೊದೆಯಂಥದ್ದು. ಅದರ ತಾಯಿಬೇರು ಆಳಕ್ಕೆ ಇಳಿಯುವುದರಿಂದ ಸುತ್ತಲಿನ ಹುಲ್ಲೆಲ್ಲ ಒಣಗಿದ ಮೇಲೂ ಎಲೆ ಹಸಿರಾಗಿರುತ್ತದೆ, ಹೆಚ್ಚು ವರ್ಷ ಬದುಕುತ್ತದೆ. ಜಲ್ಲಿ ನೆಲ, ಮರಳುಗೆಂಪು, ಸ್ವಲ್ಪ ಹುಳಿ ಮಣ್ಣು, 500-800 ಮಿಲಿಮೀಟರ್ ಮಳೆ ಇವೆರಡಕ್ಕೂ ಸಾಕು. ಪಾವಗಡ, ಚಳ್ಳಕೆರೆ, ಶಿರಾದ ಕಡೆಯ ನೆಲವನ್ನು ಕಣ್ಣಮುಂದೆ ತಂದುಕೊಂಡರೆ ಸರಿ. ನೀರು ನಿಲ್ಲುವ ಎರೆಭೂಮಿಗೆ ಇವನ್ನು ಒಯ್ಯಬೇಡಿ. ವಿಜಯಪುರ, ಬಾಗಲಕೋಟೆಯ ಕಪ್ಪುಮಣ್ಣಿನ ಬದುವಿಗೆ ಬೇಲಿಮೆಂತೆಯೇ ವಾಸಿ. ದಟ್ಟ ನೆರಳಿನ ಅಡಿಕೆ ತೋಟದಲ್ಲಿ ಯಾವ ಸ್ಟೈಲೋವೂ ಏಳುವುದಿಲ್ಲ.

ಈಗ ಬೀಜದ ವಿಷಯ. ಸ್ಟೈಲೋ ಬೀಜದ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಕಾಡಿನಲ್ಲಿ ಇದು ಗಿಡಕ್ಕೆ ರಕ್ಷಣೆ: ಒಂದು ಅಕಾಲ ಮಳೆಗೆ ಎಲ್ಲ ಬೀಜವೂ ಮೊಳೆತು ಸಾಯದಂತೆ ತಡೆಯುತ್ತದೆ. ರೈತನಿಗೆ ಮಾತ್ರ ಅದೇ ತಾಪತ್ರಯ. ಬಿತ್ತಿದ ವರ್ಷ ಹತ್ತಕ್ಕೆ ಎರಡು ಮೂರು ಮೊಳೆತು, ಉಳಿದವು ಮಣ್ಣಿನಲ್ಲೇ ಮಲಗಿದರೆ ಬೀಜ ಮಾರಿದವನು ಮೋಸ ಮಾಡಿದ ಎನ್ನಿಸುತ್ತದೆ. ಬಿಸಿನೀರಿನ ಉಪಚಾರ ಇದಕ್ಕೆ ಸಾಕು. ನೀರು 80 ಡಿಗ್ರಿ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮೂರು ಚೊಂಬು ಕುದಿಯುವ ನೀರಿಗೆ ಒಂದು ಚೊಂಬು ತಣ್ಣೀರು ಬೆರೆಸಿ, ಹೆಚ್ಚೂಕಡಿಮೆ ಆ ಶಾಖವೇ ಬರುತ್ತದೆ. ಬೀಜವನ್ನು ತೆಳುಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಆ ನೀರಿನಲ್ಲಿ ನಾಲ್ಕು ನಿಮಿಷ ಅಲ್ಲಾಡಿಸಿ, ಕೂಡಲೇ ತಣ್ಣೀರಿಗೆ ಇಳಿಸಿ. ರಾತ್ರಿಯಿಡೀ ನೆನೆಸಿದರೆ ಸಿಪ್ಪೆ ಬಿರಿದ ಬೀಜಗಳು ಉಬ್ಬಿರುತ್ತವೆ, ಬಿರಿಯದವು ಹಳೆಯ ಗಾತ್ರದಲ್ಲೇ ಗಟ್ಟಿಯಾಗಿರುತ್ತವೆ. ಬೆಳಿಗ್ಗೆ ಅಂಗೈ ಮೇಲೆ ಹರಡಿದರೆ ಕಣ್ಣಿಗೇ ಕಾಣುತ್ತದೆ. ನೆರಳಲ್ಲಿ ಆರಿಸಿ ಅಂದೇ ಬಿತ್ತಬೇಕು. ಗಂಧಕಾಮ್ಲದ ಉಪಚಾರವನ್ನೂ ಪುಸ್ತಕಗಳು ಹೇಳುತ್ತವೆ, ಆದರೆ ಮಕ್ಕಳಿರುವ ಮನೆಯಲ್ಲಿ ಆ ಸೀಸೆ ಬೇಡ. ಉಪಚರಿಸಿದ ಬೀಜದ ಜೊತೆ ಐದರಲ್ಲಿ ಒಂದು ಪಾಲು ಉಪಚರಿಸದ ಬೀಜವನ್ನೂ ಬೆರೆಸುವುದು ಜಾಣತನ. ಮೊದಲ ಮಳೆ ಕೈಕೊಟ್ಟು ಮೊಳಕೆ ಒಣಗಿದರೆ, ಮಲಗಿದ್ದ ಬೀಜ ಮುಂದೊಂದು ದಿನ ಏಳುತ್ತದೆ.

ಆರಿದ್ರಾ, ಪುನರ್ವಸು ಮಳೆಗಳಲ್ಲಿ ನೆಲ ಚೆನ್ನಾಗಿ ನೆಂದ ಮೇಲೆ ಬಿತ್ತನೆ. ಹತ್ತು ಗುಂಟೆಗೆ ಎರಚುವುದಾದರೆ ಒಂದು ಕಿಲೋ ಬೀಜ, ಒಂದಡಿ ಅಂತರದ ಸಾಲಿನಲ್ಲಾದರೆ ಅದರ ಮುಕ್ಕಾಲು ಭಾಗಕ್ಕಿಂತ ಕಡಿಮೆ ಸಾಕು. ಬೀಜ ಸಣ್ಣದು, ಒಣಮರಳಿನಲ್ಲಿ ಕಲಸಿ ಎರಚಿ, ಮುಳ್ಳಿನ ಕೊಂಬೆ ಎಳೆದು ಮೇಲೆ ತೆಳ್ಳಗೆ ಮಣ್ಣು ಮುಚ್ಚಿದರೆ ಆಯಿತು. ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಹೋದದ್ದು ಮೇಲೆ ಬರುವುದು ಕಷ್ಟ. ಯೂರಿಯಾ ಹಾಕಿದರೆ ಲಾಭ ಕಳೆಗೆ. ಬೇರಿನ ಗಂಟಿಗೆ ಬೇಕಾದ ರೈಜೋಬಿಯಂ, ಅಲಸಂದೆ ಹುರುಳಿ ಬೆಳೆದ ನಮ್ಮ ಮಣ್ಣಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕೈಯಲ್ಲಿ ಹಣವಿದ್ದರೆ ಹತ್ತು ಗುಂಟೆಗೆ 35 ಕಿಲೋ ಆಸುಪಾಸು ಸಿಂಗಲ್ ಸೂಪರ್ ಫಾಸ್ಫೇಟ್ ಕೊಡಿ. ರಂಜಕದ ಜೊತೆಗೆ ಗಂಧಕವೂ ಸಿಗುತ್ತದೆ.

ಆಮೇಲಿನ ಎರಡು ತಿಂಗಳು ತಾಳ್ಮೆಗೆಡಿಸುವಂಥವು. ಸಸಿ ಬೆರಳೆತ್ತರದಲ್ಲೇ ನಿಂತಂತೆ ಕಾಣುತ್ತದೆ, ಏಕೆಂದರೆ ಅದು ಮೊದಲು ಬೇರು ಇಳಿಸುತ್ತದೆ. ಅಷ್ಟರಲ್ಲಿ ಕಳೆ ಮೊಣಕಾಲು ಮುಟ್ಟಿರುತ್ತದೆ. ಇಲ್ಲೇ ಬಹಳ ಜನ ಕೈಚೆಲ್ಲುವುದು. ಒಮ್ಮೆ ಕೈಕಳೆ ತೆಗೆದು, ಎರಡನೆಯ ಸಲ ಎತ್ತರದ ಕಳೆಯ ತಲೆಯನ್ನಷ್ಟೇ ಕುಡುಗೋಲಿನಿಂದ ಸವರಿದರೂ ಸಸಿಗೆ ಬಿಸಿಲು ಸಿಗುತ್ತದೆ. ಆಡು ಕುರಿಗಳನ್ನು ಮೊದಲ ವರ್ಷ ಪೂರ್ತಿ ಹೊರಗಿಡಬೇಕು; ಬೇಲಿ ಇಲ್ಲದ ಕಡೆ ಸ್ಟೈಲೋ ಹಾಕಿ ಪ್ರಯೋಜನವಿಲ್ಲ ಎಂದೇ ಹೇಳಬೇಕು. ಸುಮಾರು 75 ದಿನಕ್ಕೆ ಸಣ್ಣ ಹಳದಿ ಹೂ ಕಾಣಿಸಿದಾಗ ಮೊದಲ ಕೊಯ್ಲು. ನೆಲಕ್ಕೆ ಒತ್ತಿ ಕೊಯ್ದರೆ ಸ್ಕೇಬ್ರಾ ಮತ್ತೆ ಚಿಗುರುವುದಿಲ್ಲ, ಒಂದು ಗೇಣು ಕೂಳೆ ಬಿಡಿ. ವರ್ಷದ ಕೊನೆಯ ಬೆಳವಣಿಗೆಯನ್ನು, ಕನಿಷ್ಠ ಅದರ ಅರ್ಧವನ್ನು, ಬೀಜ ಉದುರುವ ತನಕ ಮುಟ್ಟಬೇಡಿ. ಮುಂದಿನ ಮಳೆಗಾಲದ ಸಸಿಗಳೆಲ್ಲ ಅಲ್ಲಿಂದಲೇ ಬರಬೇಕು.

ಇಳುವರಿಯ ಮಾತು ಬಂದಾಗ ನೇಪಿಯರ್ ಜೊತೆ ಹೋಲಿಸಿ ನಗುವವರಿದ್ದಾರೆ. ಹೋಲಿಕೆಯೇ ಸರಿಯಲ್ಲ. ನೇಪಿಯರ್ ಒಳ್ಳೆಯ ನೆಲ, ನೀರು, ಗೊಬ್ಬರ ತಿಂದು ರಾಶಿ ಕೊಡುತ್ತದೆ. ಆ ಮೂರೂ ಇದ್ದವರು ಅದನ್ನೇ ಬೆಳೆಯಲಿ. ಸ್ಟೈಲೋ ಬೇರೂರಿದ ಮೂರನೆಯ ವರ್ಷದಿಂದ, ಚೆನ್ನಾಗಿ ನೋಡಿಕೊಂಡ ಕಡೆ, ಹೆಕ್ಟೇರಿಗೆ ವರ್ಷಕ್ಕೆ 30 ಟನ್ ಹಸಿಮೇವು ಕೊಡಬಲ್ಲದು. ಹತ್ತು ಗುಂಟೆಗೆ ಅದು 3 ಟನ್. ಬೀಳುನೆಲದಲ್ಲಿ ಅದರ ಅರ್ಧವನ್ನೇ ನೆಚ್ಚಿಕೊಳ್ಳೋಣ: ಒಂದೂವರೆ ಟನ್, ದಿನಕ್ಕೆ 10 ಕಿಲೋದಂತೆ ಒಂದು ಹಸುವಿಗೆ 150 ದಿನ. ಬೇಸಿಗೆ ದಾಟಲು ಅಷ್ಟು ಸಾಕು. ಆದರೆ ಬದು ಒಂದನ್ನೇ ನಂಬಿ ಕೂರುವಂತಿಲ್ಲ. ಇನ್ನೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಬದುವಿನಲ್ಲಿ ಅದೇ ಲೆಕ್ಕಕ್ಕೆ ಸಿಗುವುದು ಮುನ್ನೂರು ಕಿಲೋ, ಒಂದು ತಿಂಗಳ ಮಾತು. ಬದುವಿನ ಸ್ಟೈಲೋ ಮಣ್ಣು ಹಿಡಿಯುತ್ತದೆ, ಬೀಜದ ಮೂಲವಾಗುತ್ತದೆ. ಹೊಟ್ಟೆ ತುಂಬಿಸಲು ಬೀಳಿನ ತುಂಡೊಂದು ಬೇಕು. ಅಲ್ಲಿ ಅಂಜನ್ ಹುಲ್ಲಿನ ಜೊತೆ ಬೆರೆಸಿ ಹಾಕಿದರೆ ಎರಡಕ್ಕೂ ಒಳ್ಳೆಯದು.

ದನ ಇದನ್ನು ಮೂಸಿ ಬಿಟ್ಟುಬಿಡುತ್ತದೆ ಎಂಬ ದೂರು ಸುಳ್ಳಲ್ಲ. ಮಳೆಗಾಲದಲ್ಲಿ ಎಳೆಹುಲ್ಲು ಸುತ್ತ ಇರುವಾಗ ದನ ಅದನ್ನೇ ಆರಿಸುತ್ತದೆ, ಸ್ಟೈಲೋ ಕಡೆಗೆ ತಿರುಗುವುದು ಹುಲ್ಲು ಬಲಿತು ಒರಟಾದ ಮೇಲೆ. ಇದನ್ನು ದೋಷವೆಂದು ಏಕೆ ತಿಳಿಯಬೇಕು? ಬೇಸಿಗೆಗೆ ಬೇಕಾದ್ದು ಬೇಸಿಗೆಯ ತನಕ ನಿಂತಿರುತ್ತದೆ. ಕೊಟ್ಟಿಗೆಯಲ್ಲಿ ಕತ್ತರಿಸಿ ಹುಲ್ಲಿನೊಡನೆ ಬೆರೆಸಿ ಕೊಟ್ಟರೆ ಕೆಲವೇ ದಿನಗಳಲ್ಲಿ ರೂಢಿಯಾಗುತ್ತದೆ. ಕುದುರೆಮೆಂತೆಯಂತೆ ಹೊಟ್ಟೆ ಉಬ್ಬರಿಸುವ ಭಯವೂ ಇಲ್ಲ. ಒಣಗಿಸುವಾಗ ಮಾತ್ರ ಎಚ್ಚರ ಬೇಕು. ಪ್ರೋಟೀನು ಹೆಚ್ಚಾಗಿ ಇರುವುದು ಎಲೆಯಲ್ಲಿ. ಸುಡುಬಿಸಿಲಿಗೆ ಹರಡಿ ಮೂರು ದಿನ ಮಗುಚಿದರೆ ಎಲೆಯೆಲ್ಲ ಕಣದಲ್ಲಿ ಉದುರಿ, ಮೆದೆಗೆ ಸೇರುವುದು ಬರೀ ಕಡ್ಡಿ. ಒಂದು ದಿನ ಬಿಸಿಲು, ಆಮೇಲೆ ನೆರಳು. ಕಂತೆ ಕಟ್ಟುವುದು ಬೆಳಗಿನ ಇಬ್ಬನಿ ಆರುವ ಮೊದಲು.

ಗಟ್ಟಿಯಾದ ಆಕ್ಷೇಪವೊಂದಿದೆ: ರೋಗ. ಆಸ್ಟ್ರೇಲಿಯದ ಉತ್ತರ ಭಾಗದಲ್ಲಿ ಟೌನ್ಸ್‌ವಿಲ್ ಸ್ಟೈಲೋ ಎಂಬ ಒಂದೇ ಜಾತಿಯ ಮೇಲೆ ವಿಸ್ತಾರವಾದ ಹುಲ್ಲುಗಾವಲುಗಳು ನಿಂತಿದ್ದವು. 1970ರ ದಶಕದ ಆರಂಭದಲ್ಲಿ ಅಲ್ಲಿಗೆ ಕಾಲಿಟ್ಟ ಚಿಬ್ಬು ರೋಗ ಕೆಲವೇ ವರ್ಷಗಳಲ್ಲಿ ಅದನ್ನು ನೆಲಕಚ್ಚಿಸಿತು. ಆಮೇಲೆ ಅಲ್ಲಿ ಜಾಗ ಹಿಡಿದದ್ದು ರೋಗವನ್ನು ಹೆಚ್ಚು ತಡೆದುಕೊಳ್ಳುವ ಹಮಾಟ ಮತ್ತು ಸ್ಕೇಬ್ರಾ ತಳಿಗಳು. ಈ ರೋಗ ಭಾರತದಲ್ಲೂ ಇದೆ: ಎಲೆ ಕಾಂಡಗಳ ಮೇಲೆ ಕಪ್ಪಂಚಿನ ಚುಕ್ಕೆ, ಆಮೇಲೆ ತುದಿ ಒಣಗುವುದು. ಮೇವಿಗೆ ಔಷಧ ಹೊಡೆಯುವುದು ಖರ್ಚಿನ ದೃಷ್ಟಿಯಿಂದಲೂ ದನದ ದೃಷ್ಟಿಯಿಂದಲೂ ಸಲ್ಲ. ಹಮಾಟ, ಸ್ಕೇಬ್ರಾ ಎರಡನ್ನೂ ಬೆರೆಸಿ ಬಿತ್ತುವುದು, ರೋಗ ಕಂಡ ತಾಕನ್ನು ಕೂಡಲೇ ಕೊಯ್ದು ಮೇಯಿಸುವುದು, ಆ ತಾಕಿನ ಬೀಜ ಹಿಡಿಯದಿರುವುದು, ಇವಿಷ್ಟೇ ನಮ್ಮ ಕೈಲಿರುವುದು. ಹೊಲಕ್ಕೆ ಹಬ್ಬಿ ಕಳೆಯಾದೀತು ಎಂಬ ಅಂಜಿಕೆಗೆ ಅಷ್ಟು ಬಲವಿಲ್ಲ. ಸಗಣಿಯ ಮೂಲಕ ಬೀಜ ಹೋಗುವುದು ನಿಜ, ಆದರೆ ನಿಧಾನವಾಗಿ ಏಳುವ ಈ ಸಸಿ ವರ್ಷ ವರ್ಷ ಉಳುವ ನೆಲದಲ್ಲಿ ತಾಳುವುದಿಲ್ಲ. ಕಾಡಂಚಿನಲ್ಲಿ ಮಾತ್ರ ಬಿತ್ತದಿರುವುದು ಒಳ್ಳೆಯದು.

ಬೀಜ ಸಿಗುವುದಿಲ್ಲ ಎಂಬ ಗೊಣಗಾಟಕ್ಕೂ ದಾರಿಯಿದೆ. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಅಲ್ಲಿ ವಿಚಾರಿಸಬಹುದು. ಪಾವಗಡದ ಮಗ್ಗುಲಿಗೇ ಇರುವ ಆಂಧ್ರದ ಅನಂತಪುರದ ಒಣನೆಲದ ರೈತರು ಹಮಾಟ ಬೀಜವನ್ನೇ ಬೆಳೆಯಾಗಿ ಮಾಡಿಕೊಂಡು ಬಂದವರು. ಅವರ ಕ್ರಮ ಸರಳ: ಬೀಜ ಮಾಗಿ ಉದುರಿದ ಮೇಲೆ ಒಣಗಿದ ಗಿಡವನ್ನು ಕಿತ್ತು ಬಡಿದು, ನೆಲವನ್ನು ಪೊರಕೆಯಿಂದ ಗುಡಿಸಿ, ಮಣ್ಣುಸಮೇತ ಬಂದದ್ದನ್ನು ಜರಡಿ ಹಿಡಿದು ತೂರುವುದು. ಹಮಾಟದ ಕಾಯಿಗೆ ಸಣ್ಣ ಕೊಕ್ಕೆ ಇರುವುದರಿಂದ ಬೀಜಗಳು ಒಂದಕ್ಕೊಂದು ತೊಡರಿ ಉಂಡೆಗಟ್ಟುತ್ತವೆ, ಕೈಯಿಂದ ಉಜ್ಜಿ ಬಿಡಿಸಬೇಕು. ಒಂದು ಊರಿನಲ್ಲಿ ನಾಲ್ಕು ಮನೆಯವರು ಬದುವಿನ ಮೇಲಾದರೂ ಬೀಜಕ್ಕೆ ಬಿಟ್ಟರೆ ಗೋಮಾಳದ ಒಂದು ಮೂಲೆಗೆ ಬೇಲಿ ಹಾಕಿ ಬಿತ್ತುವಷ್ಟು ಕೂಡುತ್ತದೆ. ಗೋಣಿಚೀಲದಲ್ಲಿ ಕಟ್ಟಿ ಒಣಗಿದ ಜಾಗದಲ್ಲಿಡಿ. ಒಂದು ಬೇಸಿಗೆ ಕಳೆದ ಬೀಜದ ಸಿಪ್ಪೆ ಹೊಸದರಷ್ಟು ಬಿಗಿಯಾಗಿರುವುದಿಲ್ಲ, ಮೊಳಕೆಯೂ ಚೆನ್ನಾಗಿ ಬರುತ್ತದೆ.