ಗುಳ್ಳೆ ಒಣಗುವ ತನಕ

ಚಾಮರಾಜನಗರದ ಒಂದು ಮನೆಯಲ್ಲಿ ಮಗುವಿನ ಮೈಮೇಲೆ ನೀರುಗುಳ್ಳೆ ಎದ್ದಿದೆ ಎಂದುಕೊಳ್ಳೋಣ. ನಾಲ್ಕನೆಯ ದಿನ ಜ್ವರ ಇಳಿದು ಮಗು ಆಡತೊಡಗಿದೆ. ಮರುದಿನ ಗುಂಡ್ಲುಪೇಟೆಯಲ್ಲಿ ನೆಂಟರ ನಿಕಾಹ್. ತೆರಕಣಾಂಬಿ ಮಾರ್ಗದ ಬಸ್ಸು ಹತ್ತಿ ಹೋಗಿಬಂದರೆ ಏನಾಗುತ್ತದೆ ಎಂದು ಮನೆಯವರಿಗೆ ಅನಿಸುವುದು ಸಹಜ. ಆದರೆ ಆ ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಒಬ್ಬ ಗರ್ಭಿಣಿ ಇದ್ದರೆ?

ನಮ್ಮ ಕಡೆ 'ಅಮ್ಮ' ಎಂದು ಕರೆಯುವ ಈ ಕಾಯಿಲೆ ಸೀತಾಳೆ ಸಿಡುಬು, ಅಂದರೆ ಚಿಕನ್ ಪಾಕ್ಸ್. ಇದು ಹಿಂದಿನ ಮಾರಕ ಸಿಡುಬಲ್ಲ. ಆ ಸಿಡುಬು ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿತು. ಸೀತಾಳೆಗೆ ಕಾರಣ ಒಂದು ವೈರಸ್. ಇದರಲ್ಲಿ ಯಾರ ಕೋಪವೂ ಇಲ್ಲ, ಯಾರ ತಪ್ಪೂ ಇಲ್ಲ. ಸೋಂಕು ತಗಲಿದ 10ರಿಂದ 21 ದಿನಗಳಲ್ಲಿ ಗುಳ್ಳೆ ಕಾಣಿಸುತ್ತದೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ, ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆಗಟ್ಟುವ ತನಕ ಅದು ಇತರರಿಗೆ ಅಂಟುತ್ತದೆ. ಜ್ವರ ಬಿಟ್ಟ ಮಾತ್ರಕ್ಕೆ ಅಪಾಯ ಕಳೆಯಿತೆಂದಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು: ಈ ಹಿಂದೆ ಸೀತಾಳೆ ಬಂದು ಹೋದವರೇ ಮಗುವನ್ನು ನೋಡಿಕೊಂಡರೆ ಒಳ್ಳೆಯದು. ಉಗುರು ಕತ್ತರಿಸಿ, ಸಡಿಲವಾದ ಹತ್ತಿಬಟ್ಟೆ ತೊಡಿಸಿ. ಸ್ನಾನ ನಿಲ್ಲಿಸಬೇಡಿ, ಉಗುರುಬೆಚ್ಚಗಿನ ನೀರು ಹಾಕಿ, ಉಜ್ಜದೆ ಒತ್ತಿ ಒರೆಸಿ. ತುರಿಕೆಗೆ ಕ್ಯಾಲಮೈನ್ ಲೋಷನ್ ಹಚ್ಚಬಹುದು. ಬಾಯಲ್ಲಿ ಹುಣ್ಣಾಗಿದ್ದರೆ ಖಾರ, ಹುಳಿ ಬಿಟ್ಟು ರಾಗಿ ಗಂಜಿ, ಎಳನೀರು ಕೊಡಿ. ಜ್ವರಕ್ಕೆ ಮಗುವಿನ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಖಂಡಿತ ಕೊಡಬಾರದು. ಅದರಿಂದ ಯಕೃತ್ತಿಗೂ ಮೆದುಳಿಗೂ ಗಂಡಾಂತರವಾಗಬಹುದು. ವೈದ್ಯರು ಹೇಳದೆ ಐಬುಪ್ರೊಫೇನ್ ಕೂಡ ಬೇಡ. ಬೇವಿನ ಸೊಪ್ಪು ಪಕ್ಕದಲ್ಲಿದ್ದರೆ ತೊಂದರೆಯಿಲ್ಲ. ಆದರೆ ಒಡೆದ ಗುಳ್ಳೆಗೆ ಅದನ್ನು ಅರೆದು ಹಚ್ಚಬೇಡಿ.

ಉಸಿರಾಟಕ್ಕೆ ಕಷ್ಟ, ಎಬ್ಬಿಸಿದರೂ ಏಳದ ಮಂಪರು, ಪದೇ ಪದೇ ವಾಂತಿ, ನಡಿಗೆಯಲ್ಲಿ ತೂರಾಟ, ಗುಳ್ಳೆಯ ಸುತ್ತ ಕೆಂಪಾಗಿ ಊದಿಕೊಳ್ಳುವುದು, ನಾಲ್ಕು ದಿನ ದಾಟಿದರೂ ಇಳಿಯದ ಜ್ವರ - ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಗರ್ಭಿಣಿಯರು, ನವಜಾತ ಶಿಶುಗಳು ಹಾಗೂ ರೋಗನಿರೋಧಕ ಶಕ್ತಿ ಕುಂದಿದವರಿಗೆ ಈ ಸೋಂಕು ಹೆಚ್ಚು ಅಪಾಯಕಾರಿ. ಸೀತಾಳೆ ಬಂದಿರದ ಗರ್ಭಿಣಿ ಇಂತಹ ಮಗುವಿನ ಬಳಿ ಇದ್ದಿದ್ದರೆ, ಗುಳ್ಳೆ ಏಳುವ ತನಕ ಕಾಯದೆ ವೈದ್ಯರನ್ನು ಕಾಣಬೇಕು.

ಕಾಯಿಲೆಯ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿ ತರಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಜಾನುವಾರುಗಳ ವಿಷಯದಲ್ಲೇ ಇಷ್ಟು ಎಚ್ಚರವಿರುವಾಗ ಮನುಷ್ಯರ ವಿಷಯದಲ್ಲಿ ಉದಾಸೀನ ತೋರಬಹುದೇ? ರೋಗಿಯ ಕ್ಷೇಮ ವಿಚಾರಿಸುವುದು ಪುಣ್ಯಕಾರ್ಯ. ಈ ಕೆಲವು ದಿನ ಅದನ್ನು ಬಾಗಿಲ ಬಳಿ ನಿಂತೋ ಫೋನಿನಲ್ಲೋ ಮಾಡಿದರೂ ಸಾಕು. ನಿಕಾಹ್ ತಪ್ಪಿದ್ದಕ್ಕೆ ನೆಂಟರು ಮುನಿಸಿಕೊಂಡರೆ ಕಾರಣ ತಿಳಿಸಿ, ವಧೂವರರಿಗಾಗಿ ಮನೆಯಿಂದಲೇ ದುಆ ಮಾಡಿ. ಮಗು ಗುಣವಾದ ಮೇಲೆ ಎಲ್ಲರೂ ಸೇರಿ ಗುಂಡ್ಲುಪೇಟೆಗೆ ಹೋಗಿಬನ್ನಿ.