ಹೇಳಲೇಬೇಕೆಂದಿಲ್ಲ

"ಮನಸ್ಸಲ್ಲಿರೋದನ್ನೆಲ್ಲ ಹೇಳಿಬಿಡಿ, ಅತ್ತರೆ ಹಗುರಾಗುತ್ತೆ." ನೆರೆ, ಭೂಕುಸಿತ ಕಂಡ ಊರುಗಳಿಗೆ ಹೋಗುವ ನಮ್ಮಂಥವರ ಬಾಯಿಗೆ ಸಲೀಸಾಗಿ ಬರುವ ಮಾತಿದು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಬೆಟ್ಟಗಳು ಜಾರಿದ ಮೇಲೆ, ಮಕ್ಕಂದೂರು, ಜೋಡುಪಾಲದ ಕಡೆಯಿಂದ ಮನೆ ಬಿಟ್ಟು ಬಂದ ಹೆಂಗಸರಿಗಾಗಿ ಗುಂಪು ಕಾರ್ಯಾಗಾರ ನಡೆಸುತ್ತ ನಾನು ಕಲಿತದ್ದೇ ಬೇರೆ. ಎಲ್ಲಿರಬೇಕು, ಏನು ಉಣ್ಣಬೇಕು ಎಂಬುದನ್ನೂ ಬೇರೆಯವರು ತೀರ್ಮಾನಿಸುವ ಸ್ಥಿತಿಗೆ ಬಂದವರು ಅವರು. ಮಾತಾಡುವುದು, ಸುಮ್ಮನಿರುವುದು, ಎದ್ದು ಹೋಗುವುದು ಇವಾದರೂ ಅವರ ಕೈಯಲ್ಲೇ ಇರಬೇಕು.

1980ರ ದಶಕದಲ್ಲಿ ಅಮೆರಿಕದಲ್ಲಿ ತುರ್ತು ಸೇವೆಯ ಸಿಬ್ಬಂದಿಗೆಂದು 'ಡಿಬ್ರೀಫಿಂಗ್' ಎಂಬ ಕ್ರಮ ಹುಟ್ಟಿತು. ದುರಂತದ ಬೆನ್ನಿಗೇ ಎಲ್ಲರನ್ನೂ ಕೂರಿಸಿ, ಕಂಡದ್ದನ್ನೆಲ್ಲ ಹೇಳಿಸುವುದು. ಒಂದೇ ಸಲ ಹಾಗೆ ಹೇಳಿಸಿದರೆ ಮುಂದಿನ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚಲೂಬಹುದು ಎಂದು ಆಮೇಲಿನ ಅಧ್ಯಯನಗಳು ಎಚ್ಚರಿಸಿದವು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ಒತ್ತಾಯದಿಂದ ಹೇಳಿಸಬೇಡಿ ಎನ್ನುತ್ತದೆ.

ಕೊಡಗಿನಲ್ಲಿ ಮೊದಲು ಲೆಕ್ಕಕ್ಕೆ ಇಟ್ಟುಕೊಳ್ಳಬೇಕಾದದ್ದು ಮಳೆಯನ್ನು. ಸಭಾಂಗಣದ ತಗಡಿನ ಶೀಟಿನ ಮೇಲೆ ಹನಿ ಬಿರುಸಾದ ಕೂಡಲೇ ಮಾತು ನಿಂತುಬಿಡುತ್ತಿತ್ತು. ಒಬ್ಬರು ಎದ್ದು ಕಿಟಕಿಗೆ ಹೋಗಿ ಗುಡ್ಡ ನೋಡಿ ಬಂದು ಕೂರುವರು, ಮತ್ತೆ ಏಳುವರು. ಪಡಿತರ ಚೀಟಿ, ಆಧಾರ್, ಪಾಸ್‌ಬುಕ್ ಇದ್ದ ಕೈಚೀಲವನ್ನು ಅವರು ಊಟಕ್ಕೆ ಕೂತಾಗಲೂ ಮಡಿಲಿಂದ ಇಳಿಸುತ್ತಿರಲಿಲ್ಲ. ಅಂಥವರಿಗೆ "ಕೂತ್ಕೊಳ್ಳಿ, ಏನೂ ಆಗಲ್ಲ" ಎನ್ನಬಾರದು. ಗುಡ್ಡ ಜಾರಿದ್ದನ್ನು ಕಂಡವರು ಅವರು. ಮಳೆ ಬಂದರೆ ಏನು ಮಾಡೋಣ ಎಂದು ಶುರುವಿನಲ್ಲೇ ಕೇಳುತ್ತಿದ್ದೆವು. "ಮಕ್ಕಳಿಗೊಂದು ಫೋನ್ ಮಾಡಿ ಬರ್ತೀವಿ ಮೇಡಂ" ಎಂದರು. ಬೇರೆಡೆ ಮೊಬೈಲ್ ಆಫ್ ಮಾಡಿಸುವುದೇ ಮೊದಲ ನಿಯಮ, ಇಲ್ಲಿ ಅದು ಆನ್ ಇರುವುದೇ ನಿಯಮವಾಯಿತು. ಬಾಗಿಲು ತೆರೆದೇ ಇರುತ್ತಿತ್ತು, ಬಾಗಿಲ ಬಳಿಯ ಕುರ್ಚಿಗಳು ಬೇಕಾದವರಿಗೆ.

ಚಟುವಟಿಕೆಗಳನ್ನೂ ಸೋಸಿಕೊಳ್ಳಬೇಕು. ಕಣ್ಣು ಮುಚ್ಚಿದರೆ ಆ ರಾತ್ರಿಯೇ ಕಣ್ಣಮುಂದೆ ಬರುತ್ತದೆ ಎನ್ನುವವರಿಗೆ ಧ್ಯಾನ ಹೇಳಿಕೊಡುವಂತಿಲ್ಲ. ಪಾದ ನೆಲಕ್ಕೂರಿ, ಕೋಣೆಯಲ್ಲಿ ಕಾಣುವ ವಸ್ತುಗಳ ಹೆಸರು ಹೇಳುತ್ತ ಹೋದರೆ ಉಸಿರು ತಾನಾಗಿ ಹದಕ್ಕೆ ಬರುತ್ತದೆ. ಮನೆ ಕಳೆದುಕೊಂಡವರಿಗೆ "ನಿಮ್ಮ ಮನೆಯ ಚಿತ್ರ ಬಿಡಿಸಿ" ಎನ್ನಬಾರದು. ಅದರ ಬದಲು ಅಡುಗೆಯ ಮಾತು ನಡೆಯುತ್ತದೆ. ಒಮ್ಮೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮಾಡುವ ಮದ್ದುಸೊಪ್ಪಿನ ಪಾಯಸದ ಮಾತು ಬಂತು. ಬೆಲ್ಲ ಎಷ್ಟು, ತೆಂಗಿನಹಾಲು ಯಾವಾಗ ಎಂದು ವಾದವೇ ಶುರುವಾಯಿತು. ಅಷ್ಟು ದಿನ ಬಾಯಿ ಬಿಡದವರೂ ತಮ್ಮ ಅಜ್ಜಿಯ ಲೆಕ್ಕವೇ ಸರಿಯೆಂದು ಪಟ್ಟು ಹಿಡಿದರು. ಸಂತ್ರಸ್ತರೆಂಬ ಹಣೆಪಟ್ಟಿಯಿಂದಾಚೆ, ಅಡುಗೆ ಬಲ್ಲವರಾಗಿ ಅವರು ಮಾತಾಡಿದರು.

ಯಾರಾದರೂ ತಾವಾಗಿ ಸಾವಿನ ವಿವರಕ್ಕಿಳಿದರೆ ಅದು ಪಕ್ಕದವರ ಗಾಯವನ್ನೂ ಕೆದಕುತ್ತದೆ. ಆಗ ಮೆಲ್ಲಗೆ ಕೇಳುತ್ತೇನೆ, "ಅಕ್ಕಾ, ಇದು ದೊಡ್ಡ ಮಾತು. ಆಮೇಲೆ ನಾವಿಬ್ಬರೇ ಕೂತು ಮಾತಾಡೋಣವಾ?" ಆ ಮಾತನ್ನು ಉಳಿಸಿಕೊಳ್ಳಲೂ ಬೇಕು. ಆದ್ದರಿಂದ ನಡೆಸುವವರು ಇಬ್ಬರಿರಲೇಬೇಕು, ಒಬ್ಬರು ಗುಂಪಿಗೆ, ಇನ್ನೊಬ್ಬರು ಎದ್ದು ಹೋದವರ ಜೊತೆಗೆ. ಒಂದೇ ಊರಿನವರಿರುವಾಗ ಇಲ್ಲಿನ ಮಾತು ಹೊರಗೆ ಹೋಗುವುದಿಲ್ಲವೆಂದು ಭರವಸೆ ಕೊಡಲಾಗದು. ನಾಳೆ ನೆರೆಮನೆಗೆ ಗೊತ್ತಾದರೂ ಪರವಾಗಿಲ್ಲ ಅನ್ನಿಸಿದ್ದನ್ನಷ್ಟೇ ಹೇಳಿ ಎಂದು ಮೊದಲೇ ಸ್ಪಷ್ಟಪಡಿಸುವುದು ಪ್ರಾಮಾಣಿಕತೆ. ಕ್ಯಾಮೆರಾಗೆ ಒಳಗೆ ಜಾಗವಿಲ್ಲ.

ನಿದ್ದೆ, ಊಟ ಪೂರ್ತಿ ಬಿಟ್ಟವರಿಗೆ, ಬದುಕು ಸಾಕೆನ್ನುವವರಿಗೆ ಗುಂಪು ಸಾಲದು. ಅವರನ್ನು ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಜೊತೆಯಲ್ಲಿ ಕರೆದೊಯ್ಯಬೇಕು. 2022ರಿಂದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯೂ ಇದೆ. ಆದರೆ ದಿನನಿತ್ಯದ ಆಸರೆಗೆ ಊರಿನವರೇ ಬೇಕು. ಒಡಿಶಾ ಚಂಡಮಾರುತ, ಗುಜರಾತ್ ಭೂಕಂಪ, ಸುನಾಮಿಗಳ ನಂತರ ನಿಮ್ಹಾನ್ಸ್ ಆಯಾ ಊರಿನ ಕಾರ್ಯಕರ್ತರಿಗೇ ತರಬೇತಿ ಕೊಟ್ಟಿತು. ಹೊರಗಿನವರು ಹೊರಟ ಮೇಲೂ ಊರಲ್ಲೇ ಉಳಿಯುವವರು ಅವರು.

ಈಗ ಯಾರೇ ಕಾರ್ಯಾಗಾರಕ್ಕೆ ಕರೆದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ನಾವು ಹೋದ ಮರುದಿನ ಯಾರಿಗಾದರೂ ಎದೆ ನಡುಗಿದರೆ ಅವರ ಮನೆಗೆ ನಡೆದು ಹೋಗುವವರು ಯಾರು? ಅಂಗನವಾಡಿ ಟೀಚರೋ, ಆಶಾ ಕಾರ್ಯಕರ್ತೆಯೋ, ಹೆಸರು ಹೇಳಿದರೆ ಬರುತ್ತೇನೆ. ಹೆಸರಿಲ್ಲದಿದ್ದರೆ ಮೊದಲು ಅವರನ್ನು ಹುಡುಕೋಣ, ಕಾರ್ಯಾಗಾರ ಆಮೇಲೆ.