ಒಂದು ಹೊಳೆಗೆ ಎರಡು ಹೆಸರು, ಒಂದು ಹೆಸರಿಗೆ ಎರಡು ಹೊಳೆ

ಹೋದ ಸೆಮಿಸ್ಟರ್ ಮಿನಿ ಪ್ರಾಜೆಕ್ಟಿಗೆ ನಾವು ನಾಲ್ವರು ಹಾವೇರಿ ಜಿಲ್ಲೆಯ ಒಂದು ಸಣ್ಣ ನದಿಯನ್ನು ಆರಿಸಿಕೊಂಡ್ವಿ. ಹತ್ತಿಮತ್ತೂರಿನ ನಮ್ಮ ಗೆಳೆಯ, "ವರದಾ ಎಲ್ಲರಿಗೂ ಗೊತ್ತು, ಕುಮುದ್ವತಿ ಮಾಡೋಣ" ಅಂದ. ನೆಟ್‌ನಲ್ಲಿ ಸರ್ಚ್ ಮಾಡಿ ಸಿಕ್ಕಿದ್ದನ್ನೆಲ್ಲ ರಿಪೋರ್ಟಿಗೆ ಹಾಕಿದ್ವಿ. ರಿವ್ಯೂ ದಿನ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಹಿರೇಕೆರೂರು ಕಡೆಯ ಹೊಳೆ ಕಾವೇರಿಗೆ ಹೇಗ್ರಪ್ಪಾ ಸೇರುತ್ತೆ?" ನಾವು ಇಡೀ ಬೇರೆ ನದಿಯ ಡೇಟಾ ಹಾಕಿದ್ವಿ! ಆ ತಪ್ಪಿನಿಂದ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಹೊಳೆಯ ದಾರಿ

ನಮ್ಮ ಕುಮುದ್ವತಿ ಹುಟ್ಟುವುದು ಶಿವಮೊಗ್ಗ ಜಿಲ್ಲೆಯ ಹುಂಚದ ಸಮೀಪದ ಬೆಟ್ಟದಲ್ಲಿ. ಚೋರಡಿ ದಾಟಿ ಶಿಕಾರಿಪುರ ತಾಲ್ಲೂಕಿಗೆ ಬರುತ್ತದೆ. ಅಲ್ಲಿ ಅದಕ್ಕೆ ಅಡ್ಡಲಾಗಿ ಅಂಜನಾಪುರ ಜಲಾಶಯ ಇದೆ. ಆಮೇಲೆ ಮದಗದ ಕೆರೆ, ಮಾಸೂರು, ಕದಂಬೇಶ್ವರ ದೇವಸ್ಥಾನವಿರುವ ರಟ್ಟೀಹಳ್ಳಿ. ಕೊನೆಗೆ ರಾಣೆಬೆನ್ನೂರು ತಾಲ್ಲೂಕಿನ ಮುದೇನೂರಿನ ಹತ್ತಿರ ತುಂಗಭದ್ರೆಗೆ ಸೇರುತ್ತದೆ. ಅಂದರೆ ಇದು ಕೃಷ್ಣಾ ಕೊಳ್ಳದ ನದಿ.

ಹೆಸರಿನ ಅರ್ಥ

ಕುಮುದ ಅಂದರೆ ರಾತ್ರಿ ಅರಳುವ ನೈದಿಲೆ. ಕುಮುದ್ವತಿ ಅಂದರೆ ನೈದಿಲೆ ತುಂಬಿದವಳು. ಹಾಗಾದ್ರೆ 'ಕುಮುದವತಿ' ಆಗಬೇಕಿತ್ತಲ್ವಾ ಅಂತ ನಮಗೂ ಅನ್ನಿಸಿತು. ಆದರೆ ಈ ರೂಪಕ್ಕೆ ಪಾಣಿನಿಯ ವ್ಯಾಕರಣದಲ್ಲಿ ಸೂತ್ರವೇ ಇದೆ (4.2.87). ಅದರ ಪ್ರಕಾರ ಕುಮುದ ಶಬ್ದದ ಕೊನೆಯ ಅಕಾರ ಬಿದ್ದುಹೋಗುತ್ತದೆ. ಜನ ಮಾತ್ರ ಕುಮದ್ವತಿ, ಕುಮುದಾವತಿ ಅಂತ ನಾಲಿಗೆಗೆ ಬಂದಂತೆ ಕರೆಯುತ್ತಾರೆ. ಸರ್ಚ್‌ನಲ್ಲಿ ಒಂದೊಂದು ಸ್ಪೆಲ್ಲಿಂಗಿಗೆ ಒಂದೊಂದು ಫಲಿತಾಂಶ!

ಇನ್ನೊಂದು ಹೆಸರು

ಹಳೆಯ ಗ್ಯಾಸೆಟಿಯರ್‌ಗಳಲ್ಲಿ ಇದೇ ನದಿಗೆ ಚೋರಡಿ ಹೊಳೆ ಅನ್ನುವ ಹೆಸರೂ ಇದೆ. ಅದು ದಡದ ಊರು ಕೊಟ್ಟ ಹೆಸರು. ಇನ್ನೊಂದು ವಿಷಯ: 1956ಕ್ಕೆ ಮೊದಲು ಶಿಕಾರಿಪುರ ಮೈಸೂರು ರಾಜ್ಯದಲ್ಲಿತ್ತು, ಹಿರೇಕೆರೂರು ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಯಲ್ಲಿತ್ತು. ಹಾಗಾಗಿ ಒಂದೇ ಹೊಳೆಯ ಹಳೆಯ ದಾಖಲೆಯನ್ನು ಎರಡು ಕಡೆ ಹುಡುಕಬೇಕು.

ಇನ್ನೊಬ್ಬಳು ಕುಮುದ್ವತಿ

ನಾವು ಮೋಸಹೋದದ್ದು ಇಲ್ಲೇ. ಬೆಂಗಳೂರಿನ ಹತ್ತಿರ ಶಿವಗಂಗೆ ಬೆಟ್ಟದಲ್ಲಿ ಹುಟ್ಟುವ ಇನ್ನೊಂದು ಕುಮುದ್ವತಿ ಇದೆ. ಅದು ನೆಲಮಂಗಲ ತಾಲ್ಲೂಕಿನಲ್ಲಿ ಹರಿದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿ ಕಾವೇರಿಗೆ ಸೇರುತ್ತದೆ. ದೊಡ್ಡ ಊರಿನ ಪಕ್ಕದ ನದಿ ಅಂತ ಅದರ ಮಾಹಿತಿಯೇ ನಮಗೆ ಮೊದಲು ಸಿಕ್ಕಿತು.

ಕಲಿತ ಪಾಠ

ನದಿಗೆ ಹೆಸರೊಂದೇ ವಿಳಾಸ ಅಲ್ಲ. ಎಲ್ಲಿ ಹುಟ್ಟುತ್ತದೆ, ಯಾವುದನ್ನು ಸೇರುತ್ತದೆ, ದಡದ ಜನ ಏನಂತ ಕರೀತಾರೆ, ಈ ಮೂರನ್ನೂ ಬರೆದುಕೊಂಡ ಮೇಲೆ ಅಂಕಿ-ಅಂಶ ಮುಟ್ಟಿ. ಕಾಲೇಜ್ ರಿಪೋರ್ಟಿನಲ್ಲಿ ತಪ್ಪಿದರೆ ಮಾರ್ಕ್ಸ್ ಹೋಗುತ್ತೆ, ಅಷ್ಟೇ. ನಾಳೆ ನಾವೇ ಸೇತುವೆಯನ್ನೋ ಬಾಂದಾರನ್ನೋ ಡಿಸೈನ್ ಮಾಡುವಾಗ ಬೇರೆ ನದಿಯ ನೀರಿನ ಲೆಕ್ಕ ಹಾಕಿದರೆ, ತಪ್ಪಿನ ಫಲ ಉಣ್ಣುವವರು ದಡದ ಊರಿನವರು.

ಈ ರಜೆಗೆ ಊರಿಗೆ ಹೋದಾಗ ನಿಮ್ಮೂರಿನ ಹಳ್ಳಕ್ಕೆ ಏನು ಹೆಸರು ಅಂತ ಅಜ್ಜ ಅಜ್ಜಿಯನ್ನು ಕೇಳಿ ಬನ್ನಿ. ಮ್ಯಾಪ್‌ನಲ್ಲಿ ಇಲ್ಲದ ಹೆಸರು ಸಿಕ್ಕರೆ ಕ್ಲಬ್ಬಿಗೆ ಬರೆದು ಕೊಡಿ.